ಎಲ್‌ಪಿಗೆ ಕಳಿಸುವ ಮಿಕ್ಸ್ ಬೇರೆಯೇ ಇರಬೇಕು

ಮಾನ್ಯ ಸಂಪಾದಕರೇ,

ಎಲ್‌ಪಿ ರೆಕಾರ್ಡುಗಳು ಮತ್ತೆ ಚಾಲ್ತಿಗೆ ಬಂದಿರುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. 2022ರಲ್ಲಿ ಅಮೆರಿಕದಲ್ಲಿ ಸಿಡಿಗಳಿಗಿಂತ ಎಲ್‌ಪಿಗಳೇ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು, 1987ರ ನಂತರ ಹಾಗಾದದ್ದು ಅದೇ ಮೊದಲು ಎಂದು ಲೇಖಕರು ಬರೆದಿರುವುದು ಸರಿ. ಅದರ ಬೆನ್ನಿಗೇ ಬರುವ ಮಾತಿಗೆ ಮಾತ್ರ ನನ್ನ ತಕರಾರಿದೆ. ಹಾಡು ಸಿದ್ಧವಾದ ಮೇಲೆ ಅದೇ ಫೈಲನ್ನು ಪ್ರೆಸ್ಸಿಂಗ್ ಕಾರ್ಖಾನೆಗೆ ಕಳಿಸಿದರೆ ಸಾಕು, ಎಲ್ಲರೂ ‘ವಾರ್ಮ್’ ಎಂದು ಹೊಗಳುವ ಆ ನಾದ ತಾನಾಗಿ ಬಂದುಬಿಡುತ್ತದೆ ಎಂದು ಅವರು ಬರೆದಿದ್ದಾರೆ. ಬರುವುದಿಲ್ಲ.

ನಾನು ಮಿಕ್ಸಿಂಗ್ ಕೆಲಸದವನು. ಬೇರೆಯವರು ಹಾಡಿ ನುಡಿಸಿದ್ದನ್ನು ಹದಕ್ಕೆ ತಂದು, ಅದು ಎಲ್‌ಪಿ ಆಗುವುದಿದ್ದರೆ ಲ್ಯಾಕರ್ (ಹಾಡಿನ ಗೆರೆಯನ್ನು ಮೊದಲು ಕೊರೆಯುವ ಮೂಲ ತಟ್ಟೆ) ಕತ್ತರಿಸುವವರ ಕೈ ಸೇರುವ ಮುಂಚೆ ಬೇಕಾದ ತಯಾರಿ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಪುರವಣಿಯ ಲೇಖನದಂಥ ಮಾತನ್ನು ನಂಬಿದ ಹುಡುಗರು ಕೊನೆಗೆ ನನ್ನಂಥವರ ಬಾಗಿಲಿಗೇ ಬರುತ್ತಾರೆ. ಸ್ಟ್ರೀಮಿಂಗ್‌ಗೆಂದು ಮಾಡಿಸಿದ ಫೈಲು ಕೈಗಿಟ್ಟು, ‘ಇದನ್ನೇ ವಿನೈಲ್‌ಗೆ ಕಳಿಸಿಬಿಡಿ ಸರ್’ ಅನ್ನುತ್ತಾರೆ. (ವಿನೈಲ್ ಅಂದರೆ ಎಲ್‌ಪಿಯೇ.) ಏಕೆ ಆಗದು ಎಂದು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುವ ಬದಲು ನಿಮ್ಮ ಪತ್ರಿಕೆಯಲ್ಲೇ ಒಮ್ಮೆ ಹೇಳಿಬಿಡೋಣ ಎನಿಸಿತು. ಪತ್ರ ಉದ್ದವಾದೀತು, ಸಹಿಸಿಕೊಳ್ಳಿ.

ಮೊದಲು ತಟ್ಟೆಯ ಮೇಲಿನ ಗೆರೆಯ ವಿಷಯ. ಸ್ಟೀರಿಯೊ ರೆಕಾರ್ಡಿನ ಗ್ರೂವ್ ಇಂಗ್ಲಿಷಿನ ವಿ ಅಕ್ಷರದ ಆಕಾರದ ಕಾಲುವೆ. ಎರಡು ಗೋಡೆಗಳು, ಒಂದೊಂದೂ 45 ಡಿಗ್ರಿ ಓರೆ. ತಟ್ಟೆಯ ನಡುವಿನ ಕಡೆಗಿರುವ ಗೋಡೆಯಲ್ಲಿ ಎಡ ಚಾನೆಲ್, ಅಂಚಿನ ಕಡೆಗಿರುವ ಗೋಡೆಯಲ್ಲಿ ಬಲ ಚಾನೆಲ್. ಬ್ರಿಟನ್ನಿನ ಅಲನ್ ಬ್ಲಮ್ಲೈನ್ 1931ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಅಂಗಡಿಗೆ ಸ್ಟೀರಿಯೊ ತಟ್ಟೆ ಬರಲು 1950ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಈ ಏರ್ಪಾಡಿನಲ್ಲಿ ಎರಡೂ ಚಾನೆಲ್‌ಗಳಲ್ಲಿ ಒಂದೇ ಧ್ವನಿ ಇದ್ದರೆ ಸೂಜಿ ಅಕ್ಕಪಕ್ಕಕ್ಕೆ ಓಲಾಡುತ್ತದೆ. ಎರಡರ ನಡುವೆ ವ್ಯತ್ಯಾಸ ಇದ್ದಷ್ಟೂ ಮೇಲೆ ಕೆಳಗೆ ಕುಣಿಯುತ್ತದೆ. ಅಕ್ಕಪಕ್ಕದ ಓಲಾಟಕ್ಕೆ ಜಾಗ ಮಾಡಿಕೊಡಬಹುದು, ಗೆರೆಗಳನ್ನು ಸ್ವಲ್ಪ ದೂರ ದೂರ ಕತ್ತರಿಸಿದರಾಯಿತು. ಮೇಲೆ ಕೆಳಗಿನ ಕುಣಿತಕ್ಕೆ ಅಂಥ ಉಪಾಯ ಇಲ್ಲ. ಕತ್ತರಿಸುವ ಸೂಜಿ ತುಂಬ ಮೇಲೆದ್ದರೆ ಗೆರೆ ತೆಳುವಾಗುತ್ತ ಹೋಗಿ ಮಾಯವೇ ಆಗಬಹುದು, ತುಂಬ ಆಳಕ್ಕಿಳಿದರೆ ಲ್ಯಾಕರ್ ಪದರದ ಕೆಳಗಿನ ಅಲ್ಯೂಮಿನಿಯಂ ತಾಗಬಹುದು. ಗೆರೆ ತೆಳುವಾದ ಕಡೆ ಕೇಳುಗರ ಮನೆಯ ಸೂಜಿ ಹಾರಿ ಪಕ್ಕದ ಗೆರೆಗೆ ಬೀಳುತ್ತದೆ.

ಹೀಗೆ ಕುಣಿಸುವುದರಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧಿ ಬೇಸ್. ಕೆಳ ಸ್ಥಾಯಿಯ ಧ್ವನಿಗೆ ಓಲಾಟ ದೊಡ್ಡದು. ಅದು ಎಡಬಲಗಳಲ್ಲಿ ಒಂದೇ ಥರ ಇರಬೇಕು, ಅಂದರೆ ಮೊನೊ ಆಗಿರಬೇಕು. ಸುಮಾರು 150 ಹರ್ಟ್ಸ್‌ಗಿಂತ ಕೆಳಗಿನದನ್ನು ನಾನು ಮಿಕ್ಸಿನಲ್ಲೇ ನಡುವಿಗೆ ತಂದು ಕೂರಿಸುತ್ತೇನೆ. ಕತ್ತರಿಸುವವರ ಬಳಿಯೂ ಎಲಿಪ್ಟಿಕಲ್ ಈಕ್ವಲೈಸರ್ ಎಂಬ ಸಾಧನ ಇರುತ್ತದೆ. ಒಂದು ಗೊತ್ತಾದ ಮಟ್ಟದ ಕೆಳಗೆ ಎಡಬಲಗಳ ವ್ಯತ್ಯಾಸವನ್ನು ಅದು ಅಳಿಸಿಹಾಕುತ್ತದೆ. ಆದರೆ ಅಲ್ಲಿ ಅಳಿಸಿದರೆ ಯಾವ ವಾದ್ಯದ ಯಾವ ಭಾಗ ಹೋಯಿತು ಎಂದು ಕೇಳುವವರು ಇರುವುದಿಲ್ಲ. ಮಿಕ್ಸಿನಲ್ಲಿ ಮಾಡಿದರೆ ಕಿಕ್ ಡ್ರಮ್ಮನ್ನು ಬೇರೆ, ಬೇಸ್ ಗಿಟಾರನ್ನು ಬೇರೆ, ಪಿಯಾನೊದ ಎಡಗೈಯನ್ನು ಬೇರೆ ನೋಡಿಕೊಳ್ಳಬಹುದು.

ಒಬ್ಬ ಹುಡುಗ ಎಲೆಕ್ಟ್ರಾನಿಕ್ ಸಂಗೀತದ ಕೆಲಸ ತಂದಿದ್ದ. ಸಿಂಥಸೈಸರಿನ ಬೇಸ್‌ಗೆ ಧ್ವನಿಯನ್ನು ಎಡಬಲಕ್ಕೆ ಹರಡುವ ಸ್ಟೀರಿಯೊ ವೈಡ್ನರ್ ಎಂಬ ಪ್ಲಗಿನ್ (ಸಾಫ್ಟ್‌ವೇರ್ ಸಾಧನ) ಹಾಕಿದ್ದ. ಹೆಡ್‌ಫೋನಿನಲ್ಲಿ ಕೇಳಿದರೆ ತಲೆಯ ಎರಡೂ ಬದಿಗೆ ಕೋಣೆಯೇ ತೆರೆದ ಹಾಗೆ. ನಾನು ಏನೂ ಹೇಳದೆ ಎಡಬಲಗಳನ್ನು ಕೂಡಿಸಿ ಕೇಳಿಸುವ ಮೊನೊ ಗುಂಡಿ ಒತ್ತಿದೆ. ಬೇಸ್ ಹೋಯಿತು. ಸಣ್ಣದಾಗಲಿಲ್ಲ, ಇಲ್ಲವೇ ಇಲ್ಲವಾಯಿತು. ಎಡದಲ್ಲಿ ಮೇಲೇಳುವ ಅಲೆ ಬಲದಲ್ಲಿ ಕೆಳಗಿಳಿಯುತ್ತಿತ್ತು, ಕೂಡಿಸಿದರೆ ಸೊನ್ನೆ. ತಟ್ಟೆಯ ಮೇಲೆ ಅದೇ ಅಲೆ ಪೂರ್ತಿ ಮೇಲೆ ಕೆಳಗಿನ ಕುಣಿತವಾಗುತ್ತದೆ. ಹುಡುಗ ಜಾಣ, ಒಂದೇ ಸಲಕ್ಕೆ ಅರ್ಥ ಮಾಡಿಕೊಂಡ. ಬೇಸ್‌ನ ಕೆಳ ಭಾಗವನ್ನು ನಡುವಿಗೆ ತಂದು, ಮೇಲಿನ ಗರಗರ ಭಾಗವನ್ನು ಮಾತ್ರ ಅಗಲವಾಗಿ ಬಿಟ್ಟೆವು. ಕೇಳಲು ಮೊದಲಿಗಿಂತ ಗಟ್ಟಿಯಾಗಿಯೇ ಇತ್ತು. ವಿನೈಲ್ ಮಾಡಿಸುವ ಯೋಚನೆ ಇಲ್ಲದವರೂ ಈ ಮೊನೊ ಗುಂಡಿಯನ್ನು ಆಗಾಗ ಒತ್ತಿ ನೋಡುವುದು ಒಳ್ಳೆಯದು. ಡ್ರಮ್ಮಿಗೆ ಎರಡು ಮೂರು ಮೈಕ್ ಇಟ್ಟು ರೆಕಾರ್ಡ್ ಮಾಡಿದವರು ಒಂದು ಮೈಕಿನ ಪೋಲಾರಿಟಿ (ಅಲೆಯ ಮೇಲು ಕೆಳಗು) ತಿರುಗುಮುರುಗಾಗಿರುವುದನ್ನು ಗಮನಿಸಿರುವುದಿಲ್ಲ. ಅದೂ ಈ ಗುಂಡಿಯಲ್ಲೇ ಬಯಲಾಗುತ್ತದೆ.

ಇನ್ನು ಧ್ವನಿಯ ಮೇಲಿನ ತುದಿ, ಅಂದರೆ ಟ್ರೆಬಲ್. ಕಡಿಮೆ ಸ್ಥಾಯಿಯ ಧ್ವನಿಯನ್ನು ಇದ್ದಂತೆಯೇ ಕತ್ತರಿಸಲು ಹೊರಟರೆ ಗೆರೆ ವಿಪರೀತ ಅಗಲಕ್ಕೆ ಓಲಾಡಿ ತಟ್ಟೆಯಲ್ಲಿ ಜಾಗವೇ ಸಾಲುವುದಿಲ್ಲ. ಎತ್ತರದ ಸ್ಥಾಯಿಯ ಧ್ವನಿಯೋ ತಟ್ಟೆಯ ಮೇಲ್ಮೈಯ ಸರಸರ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ಕತ್ತರಿಸುವಾಗ ಬೇಸನ್ನು ತಗ್ಗಿಸಿ, ಟ್ರೆಬಲ್ಲನ್ನು ಏರಿಸಿ ಕತ್ತರಿಸುತ್ತಾರೆ. ಕೇಳುವ ಕಡೆ ಫೋನೊ ಆಂಪ್ಲಿಫೈಯರ್ ಅದನ್ನು ಸರಿಯಾಗಿ ತಿರುವಿ ಹಾಕುತ್ತದೆ. ಒಂದು ಕಾಲಕ್ಕೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕವಾಗಿತ್ತು. 1954ರಲ್ಲಿ ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘವಾದ ಆರ್‌ಐಎಎ ಒಂದೇ ಲೆಕ್ಕ ಗೊತ್ತುಮಾಡಿತು.  ಆರ್‌ಐಎಎ ರೇಖೆ ಎಂದು ಕರೆಯುವ ಆ ಲೆಕ್ಕದ ಪ್ರಕಾರ 20 ಹರ್ಟ್ಸ್‌ನಲ್ಲಿ ಸುಮಾರು 19 ಡೆಸಿಬೆಲ್ ಇಳಿತ, 20 ಕಿಲೋಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ಏರಿಕೆ. ಇದನ್ನು ಅಂತರ್ಜಾಲದಲ್ಲಿ ಓದಿದ ಒಬ್ಬರು ತಾವೇ ಪ್ಲಗಿನ್ನಿನಲ್ಲಿ ಈ ರೇಖೆಯನ್ನು ಮಿಕ್ಸಿಗೆ ಹಾಕಿ ತಂದಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅದು ಕತ್ತರಿಸುವ ಯಂತ್ರದ ಒಳಗೇ ಆಗುವ ಕೆಲಸ, ನೀವೂ ಹಾಕಿದರೆ ಎರಡು ಸಲ ಆಗುತ್ತದೆ.

ರೇಖೆಯ ಕೆಲಸ ನಮ್ಮದಲ್ಲದಿದ್ದರೂ ಅದರ ಪರಿಣಾಮ ನಮ್ಮದೇ. ಮಿಕ್ಸಿನಲ್ಲಿ ‘ಸ್ವಲ್ಪ ಹೊಳಪು ಬರಲಿ’ ಎಂದು ಏರಿಸಿದ ಸಿಂಬಲ್ಲು, ಹೈಹ್ಯಾಟು ಕತ್ತರಿಸುವ ಸೂಜಿಯನ್ನು ಕುಣಿಸುವ ಕಟ್ಟರ್ ಹೆಡ್ ತಲುಪುವಾಗ ಆ ಏರಿಕೆಯನ್ನೂ ಹೊತ್ತುಕೊಂಡಿರುತ್ತವೆ. ಹೆಡ್ಡಿನ ಒಳಗಿನ ಸಣ್ಣ ತಂತಿ ಸುರುಳಿಗಳು ಬಿಸಿಯೇರುತ್ತವೆ. ಅವನ್ನು ತಣ್ಣಗಿಡಲು ಹೀಲಿಯಂ ಅನಿಲ ಹಾಯಿಸುವ ಏರ್ಪಾಡೂ ಇದೆ. ಆ ಹೆಡ್ಡುಗಳು ಸುಟ್ಟರೆ ಸುಲಭವಾಗಿ ಸಿಗುವ ವಸ್ತುವಲ್ಲ, ಹಾಗಾಗಿ ಕತ್ತರಿಸುವವರು ಅನುಮಾನ ಬಂದರೆ ಇಡೀ ಬದಿಯ ಮಟ್ಟವನ್ನೇ ತಗ್ಗಿಸಿಬಿಡುತ್ತಾರೆ. ಅದು ಅವರ ತಪ್ಪಲ್ಲ.

ಹಾಡುವವರ ಬಾಯಿಂದ ಬರುವ ಸ, ಶ, ಷ, ಚ ಅಕ್ಷರಗಳದು ಇನ್ನೊಂದು ಗೋಳು. ಮೈಕಿಗೆ ತೀರ ಹತ್ತಿರ ಬಾಯಿಟ್ಟು ಹಾಡಿಸುವುದು ಈಗಿನ ರೂಢಿ, ಮೇಲೆ ಜೋರು ಧ್ವನಿಯನ್ನು ಅದುಮುವ ಕಂಪ್ರೆಸರ್. ಸ್ವರ ಹಿಂದೆ ಸರಿದು ಸಕಾರ ಮುಂದೆ ನುಗ್ಗುತ್ತದೆ. ಫೋನಿನಲ್ಲಿ ಕೇಳಿದರೆ ಅಷ್ಟೇನೂ ತೊಂದರೆ ಅನಿಸದು. ತಟ್ಟೆಯ ಮೇಲೆ ಆ ಕ್ಷಣಕ್ಕೆ ಗೆರೆ ಎಷ್ಟು ಚೂಪಾಗಿ ತಿರುಗಬೇಕಾಗುತ್ತದೆ ಎಂದರೆ ಕೇಳುಗರ ಸೂಜಿ ಅದರ ಜೊತೆ ತಿರುಗಲಾರದೆ ಗೋಡೆ ಬಿಟ್ಟು ತೂರಾಡುತ್ತದೆ. ಸ ಹೋಗಿ ಉಗುಳು ಸಿಡಿದ ಹಾಗೆ ‘ತ್ಸ್’ ಎಂದು ಕೇಳುತ್ತದೆ. ಒಮ್ಮೆ ಕೇಳಿದವರಿಗೆ ಮತ್ತೆ ಬೇರೇನೂ ಕೇಳಿಸುವುದಿಲ್ಲ. ಡಿ‌ಎಸ್ಸರ್ ಎಂಬ ಸಾಧನ ಇದಕ್ಕೆಂದೇ ಇದೆ. ಆದರೆ ಇಡೀ ಮಿಕ್ಸಿನ ಮೇಲೆ ಅದನ್ನು ಹಾಕಿದರೆ ಸಕಾರದ ಜೊತೆಗೆ ಸಿಂಬಲ್ಲೂ ಕುಂದುತ್ತದೆ. ಗಾಯನದ ಟ್ರ್ಯಾಕಿನ ಮೇಲೆ ಮಾತ್ರ ಹಾಕಬೇಕು. ನಾನಂತೂ ಮುಖ್ಯ ಗಾಯಕರ ಟ್ರ್ಯಾಕಿನಲ್ಲಿ ಒಂದೊಂದೇ ಸಕಾರ ಹುಡುಕಿ ಕೈಯಲ್ಲೇ ತಗ್ಗಿಸುತ್ತೇನೆ. ಬೇಸರದ ಕೆಲಸ. ಯಂತ್ರಕ್ಕೆ ಬಿಟ್ಟರೆ ಗಾಯಕರಿಗೆ ತೊದಲು ಬಂದಂತೆ ಕೇಳುತ್ತದೆ, ಅದಕ್ಕಿಂತ ಬೇಸರವೇ ವಾಸಿ.

ಈ ಸಕಾರದ ಕಾಟ ತಟ್ಟೆಯ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ ಎಂಬುದೇ ಈ ಕೆಲಸದಲ್ಲಿ ನನಗೆ ತೀರ ಇಷ್ಟವಾದ, ತೀರ ತಲೆ ತಿನ್ನುವ ಸಂಗತಿ. 33⅓ ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ತಟ್ಟೆ ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ, ಹೊರಗಿನ ಗೆರೆಯಾದರೂ ಅಷ್ಟೇ, ಒಳಗಿನದಾದರೂ ಅಷ್ಟೇ. 12 ಇಂಚಿನ ತಟ್ಟೆಯ ಹೊರ ಅಂಚಿನಲ್ಲಿ ಆ 1.8 ಸೆಕೆಂಡಿನಲ್ಲಿ ಸೂಜಿಯ ಕೆಳಗೆ ಸುಮಾರು 92 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ಲೇಬಲ್ಲಿನ ಹತ್ತಿರ ಬಂದಾಗ ಅದೇ ಹೊತ್ತಿನಲ್ಲಿ ಸುಮಾರು 38 ಸೆಂಟಿಮೀಟರ್ ಮಾತ್ರ. ಹಾಡಿನ ಅಷ್ಟೇ ವಿವರವನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ತುರುಕಬೇಕು. 15 ಕಿಲೋಹರ್ಟ್ಸ್‌ನ ಒಂದು ಅಲೆಗೆ ಹೊರ ಅಂಚಿನಲ್ಲಿ 0.034 ಮಿಲಿಮೀಟರ್ ಜಾಗ ಇದ್ದರೆ ಒಳಗೆ 0.014 ಮಿಲಿಮೀಟರ್. ಸಾಮಾನ್ಯ ಗೋಳಾಕಾರದ ಸೂಜಿಯ ತುದಿಯ ತ್ರಿಜ್ಯವೇ ಸುಮಾರು 0.018 ಮಿಲಿಮೀಟರ್ ಇರುತ್ತದೆ. ಅಲೆಗಿಂತ ಸೂಜಿಯೇ ದೊಡ್ಡದಾದರೆ ಅದು ಅಲೆಯೊಳಗೆ ಇಳಿಯುವುದಾದರೂ ಹೇಗೆ? ಅಂಡಾಕಾರದ ಸೂಜಿ ಇದ್ದವರಿಗೆ ಪರವಾಗಿಲ್ಲ. ಆದರೆ ಮಿಕ್ಸ್ ಮಾಡುವವನು ಕೇಳುಗರ ಮನೆಯಲ್ಲಿ ಯಾವ ಸೂಜಿ ಇದೆ ಎಂದು ನೋಡಿ ಮಿಕ್ಸ್ ಮಾಡಲಾಗುವುದಿಲ್ಲವಲ್ಲ.

ಹಾಗಾಗಿ ಹಾಡುಗಳ ಸರದಿ ಕೇವಲ ರುಚಿಯ ಪ್ರಶ್ನೆಯಲ್ಲ. ಅಬ್ಬರದ, ಸಿಂಬಲ್ ತುಂಬಿದ, ಗಾಯಕಿ ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲುವ ಹಾಡು ಬದಿಯ ಶುರುವಿನಲ್ಲಿರಲಿ. ಒಂದು ಗಿಟಾರು, ಒಂದು ಕಂಠ ಇರುವ ಸಾವಧಾನದ ಹಾಡು ಕೊನೆಯಲ್ಲಿರಲಿ. ಕಲಾವಿದರಿಗೆ ಇದನ್ನು ಒಪ್ಪಿಸುವುದು ಕಷ್ಟ, ಏಕೆಂದರೆ ಆಲ್ಬಮ್ಮಿನ ಕೊನೆಗೆ ಎಲ್ಲ ವಾದ್ಯಗಳೂ ಒಟ್ಟಿಗೆ ಮೊಳಗಬೇಕು ಎಂಬ ಆಸೆ ಎಲ್ಲರಿಗೂ ಇರುತ್ತದೆ. ಒಂದು ತಂಡದೊಂದಿಗೆ ಈ ವಿಷಯಕ್ಕೆ ಜೋರು ಜಗಳವೇ ಆಯಿತು. ಕೊನೆಗೆ ಆ ಮೊಳಗುವ ಹಾಡು ಮೊದಲ ಬದಿಯ ಕೊನೆಯಲ್ಲಿದ್ದದ್ದು ಎರಡನೇ ಬದಿಯ ಮೊದಲಿಗೆ ಹೋಯಿತು. ಡ್ರಮ್ಮರಿಗೆ ಸಮಾಧಾನವಾಗಲಿಲ್ಲ, ತಟ್ಟೆಗೆ ಆಯಿತು. ಸ್ಟ್ರೀಮಿಂಗ್‌ನಲ್ಲಿ ಒಂದು ಸರದಿ, ಎಲ್‌ಪಿಯಲ್ಲಿ ಇನ್ನೊಂದು ಸರದಿ ಇದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಉದ್ದದ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. 1948ರಲ್ಲಿ ಕೊಲಂಬಿಯಾ ಕಂಪನಿ 33⅓ ಆರ್‌ಪಿಎಂನ ಲಾಂಗ್ ಪ್ಲೇ ತಂದಾಗ ಒಂದು ಬದಿಗೆ 20 ನಿಮಿಷ ದಾಟುವುದೇ ದೊಡ್ಡ ಸುದ್ದಿಯಾಗಿತ್ತು. ಅದಕ್ಕೆ ಮುಂಚಿನ 78 ಆರ್‌ಪಿಎಂ ತಟ್ಟೆಯಲ್ಲಿ ಕೆಲವೇ ನಿಮಿಷ. ಇವತ್ತಿಗೂ 12 ಇಂಚಿನ ತಟ್ಟೆಯ ಒಂದು ಬದಿಗೆ 18ರಿಂದ 20 ನಿಮಿಷ ಹಿತವಾದ ಅಳತೆ. 22ರವರೆಗೆ ಎಳೆಯಬಹುದು. ಅದರಾಚೆ ಹೋದಂತೆ ಗೆರೆಗಳನ್ನು ಹತ್ತಿರ ಹತ್ತಿರ ಕತ್ತರಿಸಬೇಕು, ಹತ್ತಿರ ಕತ್ತರಿಸಲು ಓಲಾಟ ಕಡಿಮೆ ಮಾಡಬೇಕು, ಅಂದರೆ ಧ್ವನಿಯ ಮಟ್ಟ ಇಳಿಸಬೇಕು ಅಥವಾ ಬೇಸನ್ನು ಸೊರಗಿಸಬೇಕು. ಮಟ್ಟ ಇಳಿದರೆ ಕೇಳುಗ ವಾಲ್ಯೂಮ್ ಏರಿಸುತ್ತಾನೆ, ಹಾಡಿನ ಜೊತೆ ತಟ್ಟೆಯ ಚಟಪಟವೂ ಏರುತ್ತದೆ. ಒಬ್ಬರು 53 ನಿಮಿಷದ ಆಲ್ಬಮ್ಮನ್ನು ಒಂದೇ ತಟ್ಟೆಗೆ ತುಂಬಿಸಬೇಕೆಂದು ಹಟ ಹಿಡಿದಿದ್ದರು. ಎರಡು ಹಾಡು ಬಿಡಿ, ಇಲ್ಲವೇ ಎರಡು ತಟ್ಟೆ ಮಾಡಿಸಿ ಎಂದೆ. ಮೂರನೇ ದಾರಿ ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು, ಬೇರೆ ಕಡೆ ಹೋದರು.

ಬದಿಗಳು ಸಮತೂಕದಲ್ಲಿರುವುದೂ ಮುಖ್ಯ. ಒಂದು ಬದಿ 16 ನಿಮಿಷ, ಇನ್ನೊಂದು 25 ನಿಮಿಷ ಇದ್ದರೆ ತಟ್ಟೆ ತಿರುಗಿಸಿ ಹಾಕಿದ ಕೂಡಲೇ ಹಾಡು ಹಿಂದಕ್ಕೆ ಸರಿದಂತೆ ಕೇಳುತ್ತದೆ. 45 ಆರ್‌ಪಿಎಂನಲ್ಲಿ ಕತ್ತರಿಸಿದರೆ ಗೆರೆಯ ವೇಗ ಹೆಚ್ಚಿ ಮೇಲಿನ ಸ್ಥಾಯಿ ಬಹಳ ಸ್ವಚ್ಛವಾಗಿ ಬರುತ್ತದೆ, ಆದರೆ ಒಂದು ಬದಿಗೆ 12 ನಿಮಿಷಕ್ಕಿಂತ ಹೆಚ್ಚು ಆಸೆ ಪಡಬಾರದು. ನಾಲ್ಕೈದು ಹಾಡಿನ ಇಪಿ ಮಾಡುವವರಿಗೆ ನಾನು ಯಾವಾಗಲೂ ಅದನ್ನೇ ಹೇಳುತ್ತೇನೆ.

ಈಗ ಲೌಡ್‌ನೆಸ್ ಎಂಬ ಭೂತಕ್ಕೆ ಬರುತ್ತೇನೆ. ಡಿಜಿಟಲ್ ಫೈಲಿಗೆ ಒಂದು ಛಾವಣಿ ಇದೆ. ಅದಕ್ಕೆ ತಲೆ ತಾಗುವವರೆಗೆ ಧ್ವನಿಯ ಶಿಖರಗಳನ್ನು ತಡೆಯುವ ಲಿಮಿಟರ್ ಹಾಕಿ ಎಲ್ಲವನ್ನೂ ಮೇಲಕ್ಕೆ ಒತ್ತುವುದು ಬಹಳ ವರ್ಷಗಳ ಚಾಳಿ. ಈಗಂತೂ ಸ್ಟ್ರೀಮಿಂಗ್ ಸೇವೆಗಳೇ ಎಲ್ಲ ಹಾಡುಗಳನ್ನೂ ಹೆಚ್ಚುಕಡಿಮೆ ಒಂದು ಮಟ್ಟಕ್ಕೆ ಇಳಿಸಿ ನುಡಿಸುವುದರಿಂದ ಅಲ್ಲೂ ಅದರಿಂದ ದೊಡ್ಡ ಲಾಭವಿಲ್ಲ, ಚಾಳಿ ಮಾತ್ರ ಹೋಗಿಲ್ಲ. ತಟ್ಟೆಯಲ್ಲಿ ಆ ಛಾವಣಿಯೇ ಇಲ್ಲ. ಧ್ವನಿ ಎಷ್ಟು ಜೋರಿರಬೇಕು ಎಂದು ತೀರ್ಮಾನಿಸುವುದು ಗೆರೆಯ ಓಲಾಟ, ಬದಿಯ ಉದ್ದ, ಕತ್ತರಿಸುವವರ ಕಿವಿ. ಹಿಸುಕಿ ಚಪ್ಪಟೆ ಮಾಡಿದ ಫೈಲು ಕೊಟ್ಟರೆ ಅದು ಬಿಡುವೇ ಇಲ್ಲದೆ ಜಾಗ ತಿನ್ನುತ್ತದೆ. ಚಪ್ಪಟೆಯಾದ ಅಲೆಯ ಮೂಲೆಗಳಲ್ಲಿ ಹುಟ್ಟುವ ಕರಕರ ಹೆಡ್ಡಿಗೂ ಸೂಜಿಗೂ ಕಷ್ಟ. ಕತ್ತರಿಸುವವರು ಒಟ್ಟು ಮಟ್ಟವನ್ನು ಇಳಿಸುತ್ತಾರೆ. ಜೋರಾಗಲಿ ಎಂದು ಹಿಸುಕಿದ ಹಾಡು ತಟ್ಟೆಯಲ್ಲಿ ಉಸಿರೂ ಇಲ್ಲದೆ, ಜೋರೂ ಇಲ್ಲದೆ ಉಳಿಯುತ್ತದೆ. ಡ್ರಮ್ಮಿನ ಏಟುಗಳು ಏಟುಗಳಾಗಿಯೇ ಇರುವ, ಪೀಕ್‌ಗಳು ಛಾವಣಿಯಿಂದ 3ರಿಂದ 6 ಡೆಸಿಬೆಲ್ ಕೆಳಗೇ ನಿಲ್ಲುವ ಮಿಕ್ಸ್ ಕೊಟ್ಟು ನೋಡಿ, ತಟ್ಟೆ ಜೋರಾಗಿ ಬರುವುದು ಅದೇ. ನಿಮ್ಮ ಲೇಖಕರು ಹೊಗಳಿದ ‘ವಾರ್ಮ್’ ನಾದದಲ್ಲಿ ಅರ್ಧಪಾಲು ಹೀಗೆ ಹಿಸುಕದೆ ಬಿಟ್ಟದ್ದರಿಂದಲೇ ಬಂದದ್ದು ಎಂದು ನನ್ನ ಅನುಮಾನ. ಅಳತೆಯ ಲೆಕ್ಕದಲ್ಲಿ ವಿನೈಲ್ ಸಿಡಿಗಿಂತ ಮೇಲೇನಲ್ಲ. ಸಿಡಿಯ 16 ಬಿಟ್‌ಗೆ ಅತಿ ಮೆಲು ಧ್ವನಿಗೂ ಅತಿ ಜೋರು ಧ್ವನಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ, ಒಳ್ಳೆಯ ತಟ್ಟೆಗೆ 60–70 ಸಿಕ್ಕರೆ ಹೆಚ್ಚು. ನನಗೂ ತಟ್ಟೆಯ ಮೇಲೆ ಪ್ರೀತಿಯಿದೆ, ಆದರೆ ಪ್ರೀತಿಗೆ ಸುಳ್ಳು ಲೆಕ್ಕ ಬೇಕಿಲ್ಲ.

ತೀರ ಮೆಲುವಾದ ಧ್ವನಿಗೂ ತಟ್ಟೆ ತಕರಾರು ಮಾಡುತ್ತದೆ. ನಿಶ್ಶಬ್ದದಿಂದ ಥಟ್ಟನೆ ಶುರುವಾಗುವ ಹಾಡಿದ್ದರೆ, ಅದು ಶುರುವಾಗುವ 1.8 ಸೆಕೆಂಡ್ ಮುಂಚೆ ಅದೇ ಹಾಡಿನ ತೆಳು ನೆರಳು ಕೇಳಿಸಬಹುದು. ಪಕ್ಕದ ಗೆರೆಯ ಒತ್ತಡದಿಂದ ಗೋಡೆ ಸ್ವಲ್ಪ ಬಾಗುವುದೇ ಅದಕ್ಕೆ ಕಾರಣ. ಪ್ರಿ-ಎಕೊ ಎಂದು ಹೆಸರು. ಅಂಥ ಹಾಡು ಇದ್ದರೆ ಮೊದಲೇ ತಿಳಿಸಿದರೆ ಕತ್ತರಿಸುವವರು ಅಲ್ಲಿ ಗೆರೆಗಳ ನಡುವೆ ಅಂತರ ಹೆಚ್ಚು ಬಿಡುತ್ತಾರೆ.

ಫೈಲು ಕೊಡುವ ರೀತಿಯನ್ನು ಚುಟುಕಾಗಿ ಹೇಳುತ್ತೇನೆ. 24 ಬಿಟ್ ವೇವ್ ಫೈಲು, ರೆಕಾರ್ಡ್ ಮಾಡಿದ ಸ್ಯಾಂಪಲ್ ರೇಟ್‌ನಲ್ಲೇ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆದಿದೆ ಎಂಬ ಲೆಕ್ಕ). 48 ಕಿಲೋಹರ್ಟ್ಸ್‌ನಲ್ಲಿ ಮಾಡಿದ್ದನ್ನು 96ಕ್ಕೆ ಏರಿಸಿ ಕೊಟ್ಟರೆ ಫೈಲು ದಪ್ಪವಾಗುತ್ತದೆ, ಹಾಡು ಆಗುವುದಿಲ್ಲ. ಎಂಪಿ3 ಬೇಡವೇ ಬೇಡ. ಹಾಡುಗಳ ನಡುವಿನ ಮೌನವನ್ನೂ ಸೇರಿಸಿ ಒಂದು ಬದಿಗೆ ಒಂದೇ ಫೈಲು ಮಾಡಿಕೊಟ್ಟರೆ ಉತ್ತಮ. ಜೊತೆಗೆ ಒಂದು ಹಾಳೆಯಲ್ಲಿ ಯಾವ ಬದಿ, ಯಾವ ಹಾಡು, ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ ಶುರು, ಎಷ್ಟು ಉದ್ದ ಎಂದು ಬರೆದಿರಬೇಕು. ಬೇಕೆಂದೇ ಹಾಕಿದ ಸದ್ದುಗಳಿದ್ದರೆ ಅವನ್ನೂ ಬರೆಯಿರಿ. ‘ಎರಡನೇ ಬದಿ, ಮೂರನೇ ಹಾಡು, 1:42ರಲ್ಲಿ ಬರುವ ಚಟ್ ಎಂಬ ಸದ್ದು ನಮ್ಮದೇ’ ಎಂಬ ಒಂದು ಸಾಲು ಇಲ್ಲದ್ದಕ್ಕೆ ಕೆಲಸ ನಿಂತು, ಪತ್ರ ವ್ಯವಹಾರ ನಡೆದು ವಾರಗಟ್ಟಲೆ ಹೋದದ್ದನ್ನು ನೋಡಿದ್ದೇನೆ.

ಇಷ್ಟೆಲ್ಲ ಎಚ್ಚರ ಏಕೆ ಎಂದರೆ ಆಮೇಲಿನ ಹಂತಗಳಲ್ಲಿ ಹಿಂದಿರುಗುವ ದಾರಿ ದುಬಾರಿ. ಅಲ್ಯೂಮಿನಿಯಂ ತಟ್ಟೆಯ ಮೇಲೆ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಬಳಿದು, ಅದರಲ್ಲಿ ಕಾಯಿಸಿದ ಮಾಣಿಕ್ಯ ಅಥವಾ ನೀಲದ ಸೂಜಿಯಿಂದ ಗೆರೆ ಕತ್ತರಿಸುತ್ತಾರೆ. ಅದರ ಮೇಲೆ ಬೆಳ್ಳಿಯ ತೆಳು ಲೇಪ, ಆಮೇಲೆ ವಿದ್ಯುತ್ತಿನ ಮೂಲಕ ನಿಕ್ಕಲ್. ನಿಕ್ಕಲ್ಲಿನ ಆ ಪ್ರತಿಯೇ ಫಾದರ್, ಅದರಿಂದ ಮದರ್, ಮದರ್‌ನಿಂದ ಸ್ಟ್ಯಾಂಪರ್. ಬಿಸಿ ಪಿವಿಸಿ ಮುದ್ದೆಯನ್ನು ಎರಡು ಸ್ಟ್ಯಾಂಪರ್‌ಗಳ ನಡುವೆ ಒತ್ತಿದರೆ ತಟ್ಟೆ. ಲೇಬಲ್ ಕೂಡ ಆ ಬಿಸಿಯಲ್ಲೇ ಅಂಟಿಕೊಳ್ಳುತ್ತದೆ, ಗೋಂದು ಇರುವುದಿಲ್ಲ. ಮೂಲ ಲ್ಯಾಕರ್ ಎಷ್ಟು ಮೆತ್ತಗೆ ಎಂದರೆ ಅದನ್ನು ಒಮ್ಮೆ ನುಡಿಸಿ ನೋಡಿದರೂ ಕೆಡುತ್ತದೆ. ಅಂದರೆ ಕತ್ತರಿಸಿದ್ದು ಸರಿಯಾಗಿದೆಯೇ ಎಂದು ಆ ತಟ್ಟೆಯನ್ನೇ ಕೇಳಿ ತಿಳಿಯುವಂತಿಲ್ಲ. ಇಂಥ ಲ್ಯಾಕರ್ ತಟ್ಟೆ ಮಾಡುವ ಕಾರ್ಖಾನೆಗಳು ಜಗತ್ತಿನಲ್ಲಿ ಮುಖ್ಯವಾಗಿ ಎರಡೇ ಇದ್ದವು. ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೋಲೊ ಮಾಸ್ಟರ್ಸ್ 2020ರ ಫೆಬ್ರುವರಿ 6ರಂದು ಬೆಂಕಿಗೆ ಆಹುತಿಯಾಯಿತು. ಆಗ ಉಳಿದದ್ದು ಜಪಾನಿನ ಎಂಡಿಸಿ ಒಂದೇ. ತಪ್ಪು ಮಿಕ್ಸ್ ಕಳಿಸಿ ಮತ್ತೆ ಕತ್ತರಿಸಿ ಎಂದು ಕೇಳುವ ಪ್ರತಿ ಸಲವೂ ಒಂದು ಜೊತೆ ಲ್ಯಾಕರ್ ಖರ್ಚಾಗುತ್ತದೆ.

ಕೇಳಿ ನೋಡುವ ಮೊದಲ ನಿಜವಾದ ಅವಕಾಶ ಟೆಸ್ಟ್ ಪ್ರೆಸ್ಸಿಂಗ್, ಅಂದರೆ ಎಲ್ಲ ಪ್ರತಿಗಳನ್ನು ಒತ್ತುವ ಮುಂಚೆ ಒತ್ತಿ ಕಳಿಸುವ ಕೆಲವು ಮಾದರಿ ಪ್ರತಿಗಳು. ಹಲವರು ಅದನ್ನು ಗೋಡೆಗೆ ನೇತುಹಾಕುವ ಸ್ಮರಣಿಕೆ ಎಂದುಕೊಂಡಿದ್ದಾರೆ. ಚೆನ್ನಾಗಿ ಹೊಂದಿಸಿದ ಟರ್ನ್‌ಟೇಬಲ್ಲಿನಲ್ಲಿ ಎರಡೂ ಬದಿಯನ್ನು ಪೂರ್ತಿ, ಮಾಸ್ಟರ್ ಫೈಲನ್ನು ಪಕ್ಕದಲ್ಲಿಟ್ಟುಕೊಂಡು ಕೇಳಬೇಕು. ಒಂದು ಕಡೆ ಚಟ್ ಎಂದರೆ ಕೂಡಲೇ ಕಾರ್ಖಾನೆಗೆ ಬೈಯಬೇಡಿ. ಎರಡನೇ ಪ್ರತಿಯನ್ನು ಹಾಕಿ, ಅದೇ ಜಾಗಕ್ಕೆ ಬನ್ನಿ. ಅಲ್ಲಿ ಸದ್ದಿಲ್ಲದಿದ್ದರೆ ಮೊದಲ ಪ್ರತಿಯಲ್ಲಿ ಮಾತ್ರ ಧೂಳೋ ಗೀರೋ ಇದೆ. ಎಲ್ಲ ಪ್ರತಿಗಳಲ್ಲೂ ಅದೇ ಜಾಗದಲ್ಲಿ ಬಂದರೆ ತಪ್ಪು ಸ್ಟ್ಯಾಂಪರ್‌ನಲ್ಲೋ ಅದರ ಹಿಂದಿನ ಲೋಹದಲ್ಲೋ ಲ್ಯಾಕರ್‌ನಲ್ಲೋ ಇದೆ, ಆಗ ಬರೆಯಿರಿ. ದೀರ್ಘ ಸ್ವರವೊಂದು 1.8 ಸೆಕೆಂಡಿಗೊಮ್ಮೆ ಏರಿ ಇಳಿದಂತೆ ಕೇಳಿದರೆ ನಡುವಿನ ತೂತು ನಡುವಿನಲ್ಲಿಲ್ಲ ಎಂದರ್ಥ. ಒಂದು ತಂಡ ಟೆಸ್ಟ್ ಪ್ರೆಸ್ಸಿಂಗ್ ಬಂದ ದಿನವೇ ಅದರ ಫೋಟೊ ಹಾಕಿ, ಕೇಳದೆಯೇ ಒಪ್ಪಿಗೆ ಕಳಿಸಿತ್ತು. ಮೊದಲ ಬದಿಯ ಕೊನೆಯ ಹಾಡಿನಲ್ಲಿ ಸೂಜಿ ಹಾರುತ್ತಿತ್ತು. ಅಷ್ಟೂ ಪ್ರತಿಗಳಲ್ಲಿ.

180 ಗ್ರಾಂ ಎಂಬ ಚೀಟಿಯ ಬಗ್ಗೆಯೂ ಒಂದು ಮಾತು. ತಟ್ಟೆಯ ತೂಕ ಹೆಚ್ಚಿದರೆ ಗೆರೆಯ ಆಳ ಹೆಚ್ಚುವುದಿಲ್ಲ, 140 ಗ್ರಾಂ ತಟ್ಟೆಗೂ ಅದಕ್ಕೂ ಗೆರೆ ಒಂದೇ. ಮಾಸ್ಟರಿಂಗ್‌ನಲ್ಲಿ (ಮಿಕ್ಸನ್ನು ಕತ್ತರಿಸಲು ಅಣಿಮಾಡುವ ಕೊನೆಯ ಹಂತ) ಹಣ ಉಳಿಸಿ, ದಪ್ಪ ತಟ್ಟೆಗೂ ಬಣ್ಣದ ವಿನೈಲ್‌ಗೂ ಸುರಿಯುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ. ದಪ್ಪ ತಟ್ಟೆ ಕೈಯಲ್ಲಿ ಹಿಡಿಯಲು ಹಿತ ಎಂಬುದನ್ನು ಒಪ್ಪುತ್ತೇನೆ.

ಕೊನೆಗೆ ನಿಮ್ಮ ಪತ್ರಿಕೆಗೊಂದು ಕೋರಿಕೆ. ನಿಮ್ಮ ಪುರವಣಿಯಲ್ಲಿ ಈಚೆಗೆ ಎಲ್‌ಪಿಗಳ ವಿಮರ್ಶೆಯೂ ಬರುತ್ತಿದೆ. ಹೊದಿಕೆಯ ಚಿತ್ರದ ಬಗ್ಗೆ, ತಟ್ಟೆಯ ಬಣ್ಣದ ಬಗ್ಗೆ ಎರಡು ಪ್ಯಾರಾ ಇರುತ್ತವೆ. ಅದರಲ್ಲಿ ಅರ್ಧ ಪ್ಯಾರಾ ಉಳಿಸಿ, ಒಂದೊಂದು ಬದಿ ಎಷ್ಟು ನಿಮಿಷ ಇದೆ, ಒಳ ಗೆರೆಯ ಹಾಡಿನಲ್ಲಿ ಸಕಾರ ಒಡೆಯುತ್ತದೆಯೇ, ಎಲ್‌ಪಿಗೆಂದೇ ಬೇರೆ ಮಾಸ್ಟರ್ ಮಾಡಿಸಿದ್ದಾರೆಯೇ, ಕತ್ತರಿಸಿದವರು ಯಾರು ಎಂಬಿಷ್ಟನ್ನು ಬರೆಸಿ. ಕೊನೆಯ ಪ್ರಶ್ನೆಗೆ ಉತ್ತರ ಹೊದಿಕೆಯ ಮೇಲೆ ಸಿಗದಿದ್ದರೆ ಲೇಬಲ್ಲಿಗೂ ಕೊನೆಯ ಗೆರೆಗೂ ನಡುವಿನ ಖಾಲಿ ಜಾಗವನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಲಿ. ಕತ್ತರಿಸಿದವರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಅಲ್ಲಿ ಗೀಚುವ ರೂಢಿ ಇದೆ. ಇದೆಲ್ಲ ವಿಮರ್ಶೆಯಲ್ಲಿ ಬರತೊಡಗಿದರೆ ಫೈಲು ಕಳಿಸುವವರೂ ತುಸು ಯೋಚಿಸಿ ಕಳಿಸಿಯಾರು.

ಇತಿ,
ನಿಮ್ಮ ಓದುಗ,
ಮಿಕ್ಸಿಂಗ್ ಎಂಜಿನಿಯರ್ ಒಬ್ಬ